ಗಡಿಗೆಯ ತಳದ ನುಚ್ಚು

"ಮೂಸಿ ಹೇಳ್ರಿ ಸಾವಕಾರ್ರ, ಇದು ಸೆರೇನೋ ಅಲ್ಲೋ?"

ಗಜೇಂದ್ರಗಡದ ಬಸ್ ನಿಲ್ದಾಣದಲ್ಲಿ ಪೊಲೀಸ್ ಪೇದೆ ಗಡಿಗೆಯೊಂದನ್ನು ನನ್ನ ಮುಖದ ಹತ್ತಿರ ಹಿಡಿದ. ಆಗ ಪಾನನಿರೋಧವಿತ್ತು, ಸಾಕ್ಷಿಗೆ ಅವನಿಗೆ ನಾನು ಸಿಕ್ಕಿದ್ದೆ.

ಗಡಿಗೆ ಬೆಳವಣಕಿಯ ಒಬ್ಬ ಮುದುಕಿಯದು. "ನುಚ್ಚಿನ ಅಂಬಲಿ ಐತ್ರಿ ಯಪ್ಪಾ. ದವಾಖಾನ್ಯಾಗ ಮಗಳಿಗೆ ಬ್ಯಾರೆ ಏನೂ ಒಳಗ ನಿಲ್ಲವಲ್ದು. ಸಂಶ್ಯಾ ಇದ್ರ ಒಂದ ಗುಟುಕು ಕುಡದು ನೋಡ್ರಿ" ಅಂದಳು.

ಬಗ್ಗಿ ಮೂಸಿದೆ. ಹುಳಿ. ಬೆಲ್ಲಕ್ಕೆ ಜಾಲಿ ತೊಗಟೆ ಹಾಕಿ ಕೊಳೆಸಿದ ಸೆರೆಯೂ ಹುಳಿಯೇ, ಜೋಳದ ಅಂಬಲಿಯೂ ಹುಳಿಯೇ. ಮೇಲೆ ಬೆಳ್ಳನೆಯ ತಿಳಿ ನಿಂತಿತ್ತು, ತಳ ಕಾಣಲಿಲ್ಲ. ಕುಡಿದಿದ್ದರೆ ತಿಳಿಯುತ್ತಿತ್ತು. ಆದರೆ ಅವಳ ಕೇರಿಯವರ ಕೈಯ ನೀರನ್ನೂ ನಮ್ಮ ಮನೆಯವರು ಮುಟ್ಟುತ್ತಿರಲಿಲ್ಲ.

"ಹುಳಿ ವಾಸನಿ ಐತಿ" ಎಂದೆ. ಅಷ್ಟೇ ಎಂದೆ.

"ಮುದುಕಿ ಭಾಳ ಶಾಣ್ಯಾಕಿ ಅದಾಳ! ಈ ಸಲ ಬಿಟ್ಟೀನಿ, ನಡಿ" ಎಂದು ಪೇದೆ ಗಡಿಗೆಯನ್ನು ಬೋರಲು ಮಾಡಿದ. ತಿಳಿಯನ್ನು ನೆಲ ಹೀರಿಕೊಂಡಿತು. ಮಣ್ಣಿನ ಮೇಲೆ ಜೋಳದ ನುಚ್ಚು ಉಳಿಯಿತು. ಮುದುಕಿ ಅದನ್ನು ನೋಡಿದಳು, ನನ್ನನ್ನು ನೋಡಿದಳು, ಬರಿಯ ಗಡಿಗೆ ಹೊತ್ತು ದವಾಖಾನೆಯ ಕಡೆ ನಡೆದಳು.

ನಾನು ಹೇಳಿದ್ದು ಸುಳ್ಳಲ್ಲ. ಆದರೂ ಇಂದಿಗೂ ಯಾರು ಅಂಬಲಿ ಕೊಟ್ಟರೂ ಮೂಸದೆ ಕುಡಿಯುತ್ತೇನೆ.