ಫ್ಯಾಕ್ಸ್ ಇಲ್ಲದ ಊರಿನ ಫ್ಯಾಕ್ಸ್ ಕಾಲಂ

ಇವತ್ತು ಬೆಳಿಗ್ಗೆ ತರೀಕೆರೆಯಲ್ಲಿ ಅಡಿಕೆ ವ್ಯಾಪಾರಿಯೊಬ್ಬರು ಕೊಟ್ಟ ವಿಸಿಟಿಂಗ್ ಕಾರ್ಡಿನ ಮೂಲೆಯಲ್ಲಿ ಫ್ಯಾಕ್ಸ್ ನಂಬರು ಇತ್ತು. ಈ ಕಾಲದಲ್ಲಿ ಫ್ಯಾಕ್ಸೇ ಎಂದು ನೀವಾದರೆ ನಗುತ್ತಿದ್ದಿರಿ. ನನಗೆ ನಗು ಬರಲಿಲ್ಲ. ಆ ಪದ ಕಂಡರೆ ಗೌಸ್ ಸಾಬರ ನೆನಪಾಗುತ್ತದೆ.

ಗೌಸ್ ಸಾಬರು ಕಡೂರಿನ ಒಂದು ಔಷಧಿ ಅಂಗಡಿಯ ಕೌಂಟರಿನಲ್ಲಿ ಇಪ್ಪತ್ತು ವರ್ಷ ನಿಂತವರು. ತರೀಕೆರೆಯಿಂದ ದಿನಾ ರೈಲಿನಲ್ಲಿ ಬರುತ್ತಿದ್ದರು. ಅಂಗಡಿಯ ಸಾಫ್ಟ್‌ವೇರಿಗೂ ಹೆಚ್ಚುಕಡಿಮೆ ಅಷ್ಟೇ ವಯಸ್ಸು: ಕಪ್ಪು ಪರದೆ, ಹಸಿರು ಅಕ್ಷರ, ಮೌಸ್ ಮುಟ್ಟಿದರೆ ಮುನಿಸು. ನಾಲ್ಕು ವರ್ಷದ ಹಿಂದೆ ಅದನ್ನು ಹೊಸದಾಗಿ ಬರೆದುಕೊಡುವ ಕೆಲಸ ನನಗೆ ಸಿಕ್ಕಿತು.

ಸಿಕ್ಕಿದ್ದೇ ತಡ, ಮದುವೆ ಸೀರೆ ಆರಿಸುವವರ ಹಾಗೆ ಅಂಗಡಿಯಲ್ಲೇ ಕೂತುಬಿಟ್ಟೆ. ಯಾವ ಭಾಷೆಯಲ್ಲಿ ಬರೆಯುವುದು, ಯಾವ ಡೇಟಾಬೇಸ್, ಮಾಹಿತಿ ಅಂಗಡಿಯಲ್ಲೇ ಇರಬೇಕೋ ಕ್ಲೌಡಿನಲ್ಲೋ? ಒಂದನ್ನು ಬಿಡಿಸಿ ನೋಡುವುದು, ಬದಿಗಿಡುವುದು, ಇನ್ನೊಂದನ್ನು ಬಿಡಿಸುವುದು. ಮೂರು ತಿಂಗಳು ಹೀಗೇ ಹೋಯಿತು. ಕರೆಂಟು ಹೋಗಿ ಬಂದರೂ ಅರ್ಧ ಬರೆದ ಬಿಲ್ಲು ಹಾಗೇ ಉಳಿಯುವ ಏರ್ಪಾಡು ಸಿಕ್ಕಿದ ದಿನ ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದೆ. ಅಷ್ಟೂ ದಿನ ಸಾಬರು ಪಕ್ಕದಲ್ಲೇ ನಿಂತಿದ್ದರು. ಅವರು ತರಿಸಿದ ಟೀ ಕುಡಿದೆ. ನೀವು ಇದನ್ನು ಹೇಗೆ ಬಳಸುತ್ತೀರಿ ಎಂದು ಮಾತ್ರ ಕೇಳಲಿಲ್ಲ. ಮಾಲೀಕರನ್ನು ಕೇಳಿದ್ದೆನಲ್ಲ!

ಹಳೆಯದರಲ್ಲಿ ಗಿರಾಕಿಯ ಹೆಸರಿನ ಮುಂದೆ ಫೋನು, ಫ್ಯಾಕ್ಸು ಎಂದು ಎರಡು ಕಾಲಂ ಇದ್ದವು. "ಫ್ಯಾಕ್ಸ್ ಬೇಕಾ ಸಾರ್?" ಎಂದೆ.

"ಕಡೂರಲ್ಲಿ ಯಾರಿಗ್ರೀ ಫ್ಯಾಕ್ಸು? ಕಿತ್ತಾಕ್ರೀ," ಎಂದರು ಮಾಲೀಕರು. ಒಳಗೇನಿದೆ ಎಂದು ನೋಡದೆ ಕಿತ್ತುಹಾಕಿದೆ.

ಹೊಸದು ಶುರುವಾದ ದಿನ ಸಾಬರು ತಂಗಿಯ ಮಗಳ ಮದುವೆಗೆಂದು ಅಜ್ಜಂಪುರಕ್ಕೆ ಹೋಗಿದ್ದರು. ಅವರು ಬರುವವರೆಗೆ ಕಾಯಬಹುದಿತ್ತು, ನನಗೆ ತಡೆಯಲಾಗಲಿಲ್ಲ. ಸಿಂಗಟಗೆರೆಯಿಂದ ಹೂವು ಮಾರಲು ಬರುವ ಗಂಗಮ್ಮ ಹಲ್ಲುನೋವಿಗೆ ಡಾಕ್ಟರು ಬರೆದ ಚೀಟಿ ಹಿಡಿದು ಬಂದಳು. ಸಾಬರ ಬದಲು ಕೌಂಟರಿನಲ್ಲಿದ್ದ ಹುಡುಗ ಅವಳ ಹೆಸರು ಒತ್ತಿದ, ಪರದೆ ಫಳಫಳ ಹೊಳೆಯಿತು, ಮಾತ್ರೆ ಕೊಟ್ಟ. ಸಂಜೆಗೆ ಅವಳ ಮುಖ ಊದಿ ಉಸಿರು ಕಟ್ಟಿತು. ಐದು ದಿನ ಆಸ್ಪತ್ರೆಯಲ್ಲಿದ್ದು ಬದುಕಿಕೊಂಡಳು.

ಯಾರಿಗೆ ಯಾವ ಮಾತ್ರೆ ಆಗದು ಎಂಬುದನ್ನು ಸಾಬರು ಆ ಖಾಲಿ ಫ್ಯಾಕ್ಸ್ ಕಾಲಮ್ಮಿನಲ್ಲೇ ಬರೆದಿಡುತ್ತಿದ್ದರು. ಬರೆಯಲು ಬೇರೆ ಜಾಗವೇ ಇರಲಿಲ್ಲ. ಹೆಸರಿನ ಮುಂದೆ ಏನೂ ಕಾಣದಿದ್ದರೆ ಮಾತ್ರೆ ಕೊಡಬಹುದು ಎಂಬುದು ಆ ಕೌಂಟರಿನ ರೂಢಿ. ನನ್ನ ಹೊಸ ಪರದೆಯಲ್ಲಿ ಯಾರ ಹೆಸರಿನ ಮುಂದೂ ಏನೂ ಕಾಣುತ್ತಿರಲಿಲ್ಲ.

ಸಾಬರು ಮದುವೆ ಮುಗಿಸಿ ಬಂದ ದಿನ ಮಾಲೀಕರು ನಮ್ಮಿಬ್ಬರನ್ನೂ ನಿಲ್ಲಿಸಿಕೊಂಡು "ಯಾರ ತಪ್ಪು ಇದು?" ಎಂದರು.

"ಫ್ಯಾಕ್ಸ್ ಕಾಲಮ್ಮಲ್ಲಿ ಮಾತ್ರೆ ವಿಚಾರ ಬರೆದ್ರೆ ನಂಗೆ ಹೆಂಗ್ ಗೊತ್ತಾಗುತ್ತೆ ಸಾರ್?" ಎಂದೆ. ಮಾತು ಸುಳ್ಳಲ್ಲ, ಆದರೆ ಆಡಬಾರದಿತ್ತು. ಸಾಬರು ಕನ್ನಡಕ ಜೇಬಿಗೆ ಹಾಕಿಕೊಂಡು ಸ್ಟೇಷನ್ನಿನ ಕಡೆ ನಡೆದರು. ಮಾಲೀಕರು ಅವರನ್ನು ಮತ್ತೆ ಕೆಲಸಕ್ಕೆ ಕರೆಯಲಿಲ್ಲ.

ಆಮೇಲೆ ನಾನು ಹಳೆಯ ಬ್ಯಾಕಪ್ಪಿನಿಂದ ಅವರು ಬರೆದದ್ದನ್ನೆಲ್ಲ ತೆಗೆದು ಹೊಸದರಲ್ಲಿ ಕೆಂಪಕ್ಷರದಲ್ಲಿ ಕೂರಿಸಿದೆ. "ಏನ್ ತಲೆ ಕಣ್ರೀ ನಿಮ್ದು!" ಎಂದರು ಮಾಲೀಕರು. ನಾನು ನಕ್ಕೆ. ಆ ನಗು ನೆನೆದರೆ ಈಗಲೂ ನನ್ನ ಮೇಲೆ ನನಗೇ ಹೇಸಿಗೆ.

ಕಾರ್ಡು ಜೇಬಿನಲ್ಲಿಟ್ಟುಕೊಂಡು ಇವತ್ತು ಸಾಬರ ಮನೆ ಹುಡುಕಿಕೊಂಡು ಹೋದೆ. ಜಗುಲಿಯ ಮೇಲೆ ಕೂತಿದ್ದರು. ಕಣ್ಣು ಮಂಜಾಗಿದೆ, ದನಿಯಿಂದ ಗುರುತು ಹಿಡಿದರು. ಎಲ್ಲ ಹೇಳಿದೆ, ಕೆಂಪಕ್ಷರಕ್ಕೆ ಸಿಕ್ಕ ಹೊಗಳಿಕೆಯನ್ನೂ ಬಿಡಲಿಲ್ಲ.

"ಗಂಗಮ್ಮ ಹೆಂಗವ್ಳೆ?" ಎಂದರು ಮೊದಲು. ಚೆನ್ನಾಗಿದ್ದಾಳೆ, ಹೂವು ಮಾರುತ್ತಾಳೆ ಎಂದೆ.

"ಕಾಲಂ ಕಿತ್ತಿದ್ದು ಹೋಗ್ಲಿ ಬೇಟಾ. ಮೂರು ತಿಂಗ್ಳು ನಿನ್ ಪಕ್ಕದಲ್ಲೇ ನಿಂತಿದ್ದೆ. ನಂಗೆ ಒಂದು ಮಾತು ಕೇಳ್ಬಾರ್ದಿತ್ತಾ?"

ಅವರ ಎದುರಿಗೇ ಮಾಲೀಕರಿಗೆ ಫೋನು ಮಾಡಿ, ತಪ್ಪು ನನ್ನದು, ಸಾಬರದಲ್ಲ ಎಂದೆ. "ಈಗ್ಯಾಕ್ರೀ ಅದೆಲ್ಲ, ಹಳೇ ಕತೆ," ಎಂದು ಇಟ್ಟುಬಿಟ್ಟರು.

ಒಳಗಿನಿಂದ ಟೀ ಬಂತು. ಲೋಟ ಹಿಡಿದುಕೊಂಡು, "ಸಾಬ್ರೇ, ಇಪ್ಪತ್ತು ವರ್ಷ ಆ ಕೌಂಟರು ಹೆಂಗ್ ನಡೆಸಿದ್ರಿ, ಹೇಳಿ," ಎಂದೆ.

ಅವರು ಬೀದಿಯ ಕಡೆ ಮುಖ ತಿರುಗಿಸಿದರು.

"ಮರ್ತೋಯ್ತು ಬೇಟಾ," ಎಂದರು. "ಟೀ ಆರ್ತದೆ, ಕುಡಿ."