ಕೆರೆಯ ಮೆಟ್ಟಿಲ ಮೇಲೆ ಒಂದು ಜೊತೆ ಚಪ್ಪಲಿ

೧೯೫೮ರ ನವರಾತ್ರಿ. ಆಗ ನನಗೆ ಮೂವತ್ತೆರಡು ವರ್ಷ; ಜಯನಗರದ ಶಾಲೆಯೊಂದರಲ್ಲಿ ಉಪಾಧ್ಯಾಯನಾಗಿದ್ದೆ. ಒಂದು ಸಂಜೆ, ಆರು ವರ್ಷದ ಮಗಳು ವಾಸಂತಿಯನ್ನು ಯಡಿಯೂರು ಕೆರೆಯ ಕಡೆಗೆ ಕರೆದುಕೊಂಡು ಹೋದೆ. ಏರಿಯ ಮೇಲೆ ಕಾಲುದಾರಿ. ಒಂದು ಬದಿಗೆ ನೀರು, ಇನ್ನೊಂದು ಬದಿಗೆ ಜಗಲಿಯಿದ್ದ ಹಳೆಯ ಹೆಂಚಿನ ಮನೆಗಳು. ಜೊಂಡಿನ ನಡುವೆ ನೀರುಕೋಳಿಯೊಂದು ಮರಿಗಳೊಡನೆ ಸಾಗುತ್ತಿತ್ತು. ಅದನ್ನು ನೋಡುತ್ತ ನಿಂತವನು ತಿರುಗಿದಾಗ ಮಗಳಿರಲಿಲ್ಲ.

ಕೂಗುತ್ತ ಓಡಿದೆ. ನೀರಿಗಿಳಿಯುವ ಮೆಟ್ಟಿಲಿನ ಮೇಲೆ ಅವಳ ಚಪ್ಪಲಿಗಳು ಮಾತ್ರ ಒಪ್ಪವಾಗಿ ಜೋಡಿಸಿಟ್ಟಂತಿದ್ದವು. ಪಕ್ಕದ ಕಲ್ಲು ಒದ್ದೆಯಾಗಿತ್ತು. ನನಗೋ ಈಜು ಬಾರದು.

ಅಲ್ಲಿ ಎತ್ತುಗಳ ಮೈ ತೊಳೆಯುತ್ತಿದ್ದ ರೈತ ಮುನಿಯಪ್ಪನವರು, "ಏನಾಯ್ತು ಸಾಮಿ?" ಎಂದರು. ಚಪ್ಪಲಿಗಳನ್ನು ತೋರಿಸಿದೆ. ಅವರು ಕೂಡಲೇ ಧುಮುಕಿದರು. ಬರಿಗೈಯಲ್ಲಿ ಮೇಲೆ ಬಂದು ಮತ್ತೆ ಮುಳುಗಿದರು.

ಅಷ್ಟರಲ್ಲಿ ಬೆನ್ನ ಹಿಂದೆ, "ಅಪ್ಪಾ, ಆ ಮನೇಲಿ ಒಂಬತ್ತು ಮೆಟ್ಲು ಗೊಂಬೆ ಕೂರ್ಸಿದಾರೆ" ಎಂಬ ಧ್ವನಿ. ವಾಸಂತಿಯ ಅಂಗೈಯಲ್ಲಿ ಕಡಲೆ ಉಸಲಿ. ನವರಾತ್ರಿಯಲ್ಲಿ "ಗೊಂಬೆ ಕೂರ್ಸಿದೀರಾ?" ಎಂದು ಕೇಳಿಕೊಂಡು ಯಾರ ಮನೆಗಾದರೂ ಹೋಗುವುದು ನಮ್ಮಲ್ಲಿ ಮಕ್ಕಳ ರೂಢಿ. ಪರರ ಮನೆಗೆ ಕಾಲು ತೊಳೆದೇ ಹೋಗಬೇಕೆಂದು ನಾನು ಕಲಿಸಿದ್ದೆ. ಅವಳು ಹಾಗೆಯೇ ಮಾಡಿದ್ದಳು.

ಅವಳನ್ನು ತಬ್ಬಿಕೊಂಡು ನೀರಿನತ್ತ ನೋಡಿದೆ. ಮುನಿಯಪ್ಪನವರು ಮೇಲೆ ಬಂದಿರಲಿಲ್ಲ. ಜೊಂಡಿನ ಬೇರಿಗೆ ಕಾಲು ಸಿಕ್ಕಿಕೊಂಡಿತ್ತು. ನನ್ನ ಕೂಗಿಗೆ ಓಡಿಬಂದ ಅವರ ತಮ್ಮ ಅವರನ್ನು ಎಳೆದು ದಡಕ್ಕೆ ತಂದಾಗ ಪ್ರಜ್ಞೆಯಿರಲಿಲ್ಲ. ಬಹಳ ಹೊತ್ತಿನ ಮೇಲೆ ನೀರು ಕಕ್ಕಿ ಕಣ್ಣು ಬಿಟ್ಟವರು ಮಗುವನ್ನು ಕಂಡು, "ಇದೇನಾ ಮಗು? ನಾನು ಕೆರೆ ಎಲ್ಲಾ ತಡಕ್ದೆ, ಇವ್ಳು ನೋಡಿದ್ರೆ ಉಸ್ಲಿ ತಿಂತಾವ್ಳೆ" ಎಂದರು.

ಮರುದಿನವೇ ಅವರಿಗೆ ಜ್ವರ ಏರಿತು. ಎದೆಗೆ ನೀರು ಸೇರಿದೆ, ಏನೂ ಹೇಳಲಾಗದು ಎಂದರು ವೈದ್ಯರು. ಪ್ರತಿ ಸಂಜೆ ಅವರ ಜಗಲಿಯಲ್ಲಿ ಕುಳಿತು ಒಳಗಿನ ಕೆಮ್ಮನ್ನು ಕೇಳುತ್ತಿದ್ದೆ. ಅವರ ಹೆಂಡತಿ, "ಕಾಪಿ ಆರೋಯ್ತದೆ, ಕುಡೀರಿ ಮೇಷ್ಟ್ರೆ" ಎನ್ನುವಾಗ ತಲೆಯೆತ್ತಲಾಗುತ್ತಿರಲಿಲ್ಲ.

ಇತ್ತ ನಮ್ಮ ಮನೆಯಲ್ಲಿ, ಹಬ್ಬ ಮುಗಿದ ಗುರುತಾಗಿ ವಿಜಯದಶಮಿಯಂದು ಮಲಗಿಸಬೇಕಾದ ಪಟ್ಟದ ಗೊಂಬೆಗಳನ್ನು ವಾಸಂತಿ ಮಲಗಿಸಗೊಡಲಿಲ್ಲ.

"ಆ ಮಾಮ ಬಂದು ನೋಡ್ಲಿ, ಆಮೇಲೆ."

"ಹಾಗೆ ಬಿಟ್ರೆ ಒಳ್ಳೇದಲ್ಲ ಕಣೇ" ಎಂದರು ನನ್ನ ತಾಯಿ. ಆದರೂ ಅವರು ಗೊಂಬೆಗಳನ್ನು ಮುಟ್ಟಲಿಲ್ಲ. ದೀಪಾವಳಿಯೂ ಕಳೆಯಿತು.

ಒಂದು ಭಾನುವಾರ, ಕಂಬಳಿ ಹೊದ್ದು, ತಮ್ಮನ ಹೆಗಲು ಹಿಡಿದು, ಮುನಿಯಪ್ಪನವರು ನಮ್ಮ ಬಾಗಿಲಲ್ಲಿ ನಿಂತು ಕೇಳಿದರು: "ಗೊಂಬೆ ಕೂರ್ಸಿದೀರಾ ಮೇಷ್ಟ್ರೆ?"

ಇಂದಿಗೂ ಮೆಟ್ಟಿಲ ಮೇಲೆ ಪುಟ್ಟ ಚಪ್ಪಲಿಗಳನ್ನು ಕಂಡರೆ ನನ್ನ ಎದೆ ಹೊಡೆದುಕೊಳ್ಳುತ್ತದೆ. ಆ ವರ್ಷ ನಮ್ಮ ಮನೆಯ ಗೊಂಬೆಗಳು ಮಲಗಿದ್ದು ೧೯೫೮ನೆಯ ಇಸವಿ ನವೆಂಬರ್ ೧೬ರಂದು.