ನಂಬರ್ ಇಳಿದಾಗ ನಾನು ಗುಳಿಗೆ ಬಿಟ್ಟಿದ್ದೆ

ಕಳೆದ ವರ್ಷ ಶ್ರಾವಣದಲ್ಲಿ ನನಗೆ ಹೆಪಟೈಟಿಸ್ ಸಿ ಇದೆ ಎಂದು ಜಮಖಂಡಿಯ ದವಾಖಾನೆಯಲ್ಲಿ ಹೇಳಿದರು. ಲಿವರಿಗೆ ಹತ್ತುವ ವೈರಸ್. ನಾನು ಹೋಗಿದ್ದು ಸುಸ್ತು ಎಂದು. ಮಗ್ಗದ ಕಂಡಿಕೆಗೆ ನೂಲು ಸುತ್ತಲು ಕೂತರೆ ಮಧ್ಯಾಹ್ನದೊಳಗೇ ಕೈ ಸೋಲುತ್ತಿತ್ತು. ಎಂದೋ ಯಾವುದೋ ಇಂಜೆಕ್ಷನ್ ಸೂಜಿಯಿಂದ ಬಂದಿರಬೇಕು, ವರ್ಷಗಟ್ಟಲೆ ಸದ್ದಿಲ್ಲದೆ ಒಳಗೆ ಕೂತಿರುತ್ತದೆ ಎಂದರು ಅಲ್ಲಿಯ ಹೆಣ್ಣು ಡಾಕ್ಟರು. ನಾವು ಅವರನ್ನು ಡಾಕ್ಟರ್ ಬಾಯಿ ಎನ್ನುತ್ತೇವೆ.

ತಾಯಿ ಬನಶಂಕರಿಯನ್ನು ನಂಬಿದವರೇ, ಈ ಪತ್ರ ಬರೆಯುತ್ತಿರುವ ನಾನು ಬನಹಟ್ಟಿಯ ಗಂಗವ್ವ. ಎರಡನೇ ಇಯತ್ತೆಗೆ ಸಾಲಿ ಬಿಟ್ಟವಳು. ನನ್ನ ಅಕ್ಷರ ವಾರೆ ಇರಬಹುದು, ಮಾತು ನೆಟ್ಟಗಿದೆ.

ಸಾಯಲು ನನಗೆ ಅಂಜಿಕೆ ಇರಲಿಲ್ಲ. ಎಪ್ಪತ್ತರ ಹತ್ತಿರ ಬಂದವಳು ಅಂಜಿ ಏನು ಮಾಡಲಿ. ಅಂಜಿಕೆ ಇದ್ದದ್ದು ಮೊಮ್ಮಗಳು ಸುವರ್ಣಾಳದು. ಅವಳು ತೊಟ್ಟಿಲಲ್ಲಿದ್ದಾಗಲೇ ಅವಳ ತಾಯಿ, ನನ್ನ ಮಗಳು, ತೀರಿಕೊಂಡಳು. ಸಾಕಿದವಳು ನಾನು, ಮುಧೋಳಕ್ಕೆ ಮದುವೆ ಮಾಡಿಕೊಟ್ಟವಳೂ ನಾನು. ಅವಳು ಬಸುರಿ ಎಂಬ ಸುದ್ದಿ ಅದೇ ಶ್ರಾವಣದಲ್ಲಿ ಬಂತು. ಚೊಚ್ಚಲ ಬಾಣಂತನ ತವರಿನಲ್ಲಾಗಬೇಕು. ಅವಳಿಗೆ ತವರು ಎಂದರೆ ನಾನೇ. ಆದರೆ ನನ್ನ ರೋಗದ ಸುದ್ದಿಯೂ ಮುಧೋಳಕ್ಕೆ ಮುಟ್ಟಿತು. ಅವಳ ಅತ್ತೆ, ನನ್ನ ಬೀಗತಿ, ಫೋನ್ ಮಾಡಿದಳು.

"ಗಂಗವ್ವಾರ, ಸಿಟ್ಟಾಗಬ್ಯಾಡ್ರಿ. ಎಳಿ ಕೂಸಿಗೆ ನೀರ ಎರಿಯೋರು ನೀವ. ನಿಮಗ ಇಂಥಾದ್ದು ಹತ್ತೇತಿ ಅಂದ ಮ್ಯಾಲೆ ಹ್ಯಾಂಗ ಕಳಸೂದ್ರಿ? ಬಾಣಂತನ ಇಲ್ಲೇ ಮಾಡತೇವು."

"ಮುಟ್ಟಿದ್ರ ಹತ್ತಂಗಿಲ್ಲಂತ ಡಾಕ್ಟರ್ ಬಾಯಿ ಹೇಳ್ಯಾರ್ರಿ."

"ಹೇಳ್ಯಾರು. ಕೂಸು ಅವರದಲ್ಲಲ್ರಿ."

ಫೋನ್ ಇಟ್ಟೆ. ಸಂಜೆ ಗುಡಿಗೆ ಹೋಗಿ ಬನಶಂಕರಿ ತಾಯಿಯ ಮುಂದೆ ನಿಂತೆ. "ನಾ ಇರೂದು ಸಾಯೂದು ನಿನಗ ಬಿಟ್ಟದ್ದು. ಆ ಹುಡುಗಿ ಬಾಣಂತನ ಮಾತ್ರ ನನ್ನ ಕೈಲೆ ಆಗಲಿ. ಮಗ್ಗಕ್ಕ ಹೊಸಾ ಹಾಸಿನ ನೂಲ ಏರಿಸಿದಾಗ ಮೊದಲನೇ ಸೀರಿ ನಿನಗ." ಹೆಚ್ಚು ಮಾತಾಡಲಿಲ್ಲ. ತಾಯಿಗೂ ಬೇರೆ ಭಕ್ತರಿದ್ದಾರೆ.

ಆಮೇಲೆ ವೈರಲ್ ಲೋಡ್ ಎಂಬ ತಪಾಸಣೆ ಮಾಡಿಸಿದರು. ರಕ್ತ ದೊಡ್ಡ ಊರಿಗೆ ಹೋಗಿ ಕಾಗದ ಬಂತು. ಮೂವತ್ತೆರಡು ಲಕ್ಷ ಎಂದಿತ್ತು. ನನ್ನ ಮಗ ಮಹಾದೇವ ಅದನ್ನು ಓದಿ ಮಗ್ಗ ನಿಲ್ಲಿಸಿ ಗೋಡೆಗೆ ಒರಗಿ ಕೂತ.

"ಲಕ್ಷ ಗಟ್ಲೆ ಐತಿಬೇ ಯವ್ವಾ. ಮುಗೀತಿದು."

"ಏಳೋ ಹುಚ್ಚಪ್ಪಾ. ನೂಲ ನೇಯವ್ರ ಮನ್ಯಾಗ ಹುಟ್ಟಿ ನಂಬರಿಗೆ ಅಂಜತಿ?"

ನನ್ನ ಲೆಕ್ಕ ನೇಕಾರರ ಲೆಕ್ಕ. ನೂಲಿನಲ್ಲಿ ನಂಬರ್ ಏರಿದಷ್ಟೂ ಎಳೆ ಸಣ್ಣ. ಇಪ್ಪತ್ತರ ನೂಲು ದಪ್ಪ, ಜಗ್ಗಿದರೂ ಹರಿಯುವುದಿಲ್ಲ. ನೂರರ ನೂಲು ಕೂದಲಿನಂತೆ, ಉಸಿರು ತಾಗಿದರೆ ಹರಿಯುತ್ತದೆ. ನೂರಕ್ಕೇ ಹೀಗಿದ್ದರೆ ಮೂವತ್ತೆರಡು ಲಕ್ಷದ ರೋಗ ಎಷ್ಟು ಸಣ್ಣದಿರಬೇಕು? ಗುಳಿಗೆ ತಾಗಿದೊಡನೆ ಹರಿಯುತ್ತದೆ ಎಂದು ನಾನು ಹಾಯಾಗಿದ್ದೆ. ಆ ಅಂಕಿ ಏನೆಂದು ಡಾಕ್ಟರ್ ಬಾಯಿ ಮೊದಲೇ ಹೇಳಿದ್ದರಂತೆ. ಆ ದಿನ ನನ್ನ ತಲೆ ಮುಧೋಳದಲ್ಲಿತ್ತು.

ಮೂರು ತಿಂಗಳ ಗುಳಿಗೆ, ದಿನಕ್ಕೊಮ್ಮೆ. ಸರಕಾರದ್ದು, ಪುಕ್ಕಟೆ. ಒಂದು ತಿಂಗಳಾದ ಮೇಲೆ ಮತ್ತೆ ರಕ್ತ ತೆಗೆದರು. ಕಾಗದ ತರಲು ನಾನೊಬ್ಬಳೇ ಹೋದೆ. ಮಹಾದೇವ ನೂಲಿಗೆಂದು ಇಚಲಕರಂಜಿಗೆ ಹೋಗಿದ್ದ, ಡಾಕ್ಟರ್ ಬಾಯಿ ರಜೆಯಲ್ಲಿದ್ದರು. ಕಿಟಕಿಯವನು ಕಾಗದ ಕೊಟ್ಟು ಮುಂದಿನವರನ್ನು ಕರೆದ. ಅಂಕಿ ನನಗೆ ಬರುತ್ತದೆ, ನೂಲಿನ ಗಂಟಿನ ಚೀಟಿ ಓದಿ ಓದಿ ಕಲಿತದ್ದು. ಬಸ್ಸಿನಲ್ಲಿ ಕೂತು ಬಿಚ್ಚಿ ನೋಡಿದೆ. ಇಪ್ಪತ್ತಾರು.

ಮತ್ತೆ ಓದಿದೆ, ಇಪ್ಪತ್ತಾರೇ. ಕೂದಲಿಗಿಂತ ಸಣ್ಣ ಇದ್ದ ರೋಗ ಸುತಳಿ ಹಗ್ಗದಂತಾಗಿದೆ. ಗುಳಿಗೆ ತಿಂದು ಅದೇ ಕೊಬ್ಬಿದೆ. ಕಂಡಕ್ಟರ್ ಬಂದು, "ಆಧಾರ ತೋರಸ್ರಿ ಆಯಿ" ಎಂದ. ಪುಕ್ಕಟೆ ಪ್ರಯಾಣಕ್ಕೆ ಕಾರ್ಡು ತೋರಿಸಬೇಕು. ನಾನು ಆಸ್ಪತ್ರೆಯ ಕಾಗದ ಹಿಡಿದೆ. "ಇದರಾಗ ನಿಮ್ಮ ಫೋಟೋನ ಇಲ್ಲಲ್ರಿ" ಎಂದು ಅವನು ನಕ್ಕ. ನನಗೆ ನಗು ಬರಲಿಲ್ಲ.

ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಗುಳಿಗೆ ಬಿಟ್ಟೆ. ಗುಡಿಗೂ ಹೋಗಲಿಲ್ಲ. ತಾಯಿ ನನ್ನ ಮಾತು ತಳ್ಳಿಹಾಕಿದಳು, ಇನ್ನೇನು ಕೇಳುವುದು ಎಂದು ಮುಖ ತಿರುಗಿಸಿ ಕೂತೆ. ಎರಡು ದಿನ ಹಾಗೇ ಹೋಯಿತು. ಮೂರನೆಯ ದಿನ ಮುಂಜಾನೆ ಗೋಡೆಯ ಮಾಡದಲ್ಲಿದ್ದ ಗುಳಿಗೆ ಡಬ್ಬಿ ಕಣ್ಣಿಗೆ ಬಿತ್ತು. ತಿಪ್ಪೆಗೆ ಒಗೆಯಲೆಂದು ಕೈಗೆ ತೆಗೆದುಕೊಂಡೆ. ಕೈ ಒಗೆಯಲಿಲ್ಲ. ನನಗೆ ಈ ಗುಳಿಗೆ ಹತ್ತಿ ಗುಣ ಕೊಡದಿದ್ದರೇನು, ಇನ್ನೊಬ್ಬರಾದರೂ ಬದುಕಲಿ, ಒಯ್ದು ಕೊಟ್ಟು ಬಾ ಎಂದು ಒಳಗೆ ಯಾರೋ ಅಂದಂತಾಯಿತು. ಆ ಮಾತು ನನ್ನದಲ್ಲ. ನಾನು ಅಷ್ಟು ಒಳ್ಳೆಯವಳಲ್ಲ. ಅದು ತಾಯಿಯದೇ ಮಾತು.

ಜಮಖಂಡಿಯಲ್ಲಿ ಡಾಕ್ಟರ್ ಬಾಯಿ ರಜೆ ಮುಗಿಸಿ ಬಂದಿದ್ದರು. ಡಬ್ಬಿ ಅವರ ಮೇಜಿನ ಮೇಲಿಟ್ಟೆ.

"ಇದೇನ ಆಯಿ?"

"ನನಗ ಹತ್ತಲಿಲ್ರಿ ಬಾಯಾರ. ಹಾಳ ಮಾಡಬಾರದು. ಮತ್ತೊಬ್ಬರಿಗೆ ಕೊಡ್ರಿ."

"ಹತ್ತಲಿಲ್ಲಂತ ಯಾರ ಹೇಳಿದ್ರು?"

"ಕಾಗದನ ಹೇಳತೈತಿ. ಲಕ್ಷದ ಎಳಿ ಇತ್ತು, ಇಪ್ಪತ್ತಾರಕ್ಕ ಬಂದೈತಿ. ಇಪ್ಪತ್ತಾರ ನಂಬರ್ ನೂಲಿಲೆ ಆಕಳಾ ಕಟ್ಟಬಹುದ್ರಿ."

ಅವರು ಕಾಗದ ನೋಡಿದರು, ನನ್ನನ್ನು ನೋಡಿದರು. ಮೊದಲು ನಕ್ಕರು. ಆಮೇಲೆ ನಗು ನಿಲ್ಲಿಸಿ, "ಎಷ್ಟ ದಿನ ಬಿಟ್ಟೀರಿ?" ಎಂದರು.

"ಮೊನ್ನಿ, ನಿನ್ನಿ."

"ಕುಂಡ್ರಿ ಇಲ್ಲೆ. ಇದು ನೂಲಿನ ನಂಬರ್ ಅಲ್ಲ ಆಯಿ. ದಪ್ಪ ಸಣ್ಣ ಅಂತ ಹೇಳಂಗಿಲ್ಲ ಇದು. ರಕ್ತದಾಗ ವೈರಸ್ ಎಷ್ಟ ಐತಿ ಅಂತ ಅಳತಿ. ಲಕ್ಷ ಗಟ್ಲೆ ಇದ್ದದ್ದು ಒಂದ ತಿಂಗಳದಾಗ ಇಷ್ಟಕ್ಕ ಇಳದೈತಿ ಅಂದ್ರ ಗುಳಿಗಿ ಹತ್ತೇತಿ. ನೀವು ಗೆಲ್ಲಾಕತ್ತೀರಿ. ಗೆಲ್ಲೂ ಹೊತ್ತಿನ್ಯಾಗ ಬಿಟ್ಟಬಂದ್ರ ಹ್ಯಾಂಗ?"

"ಮತ್ತ ಲಕ್ಷ ಇತ್ತಲ್ರಿ, ಲಿವರ್ ತಿಂದ ಹಾಕಿರಬೇಕು?"

"ಲಕ್ಷ ಇದ್ರ ಲಿವರ್ ಹೆಚ್ಚ ಕೆಟ್ಟೇತಿ, ಕಡಿಮಿ ಇದ್ರ ಕೆಟ್ಟಿಲ್ಲ, ಹಂಗೂ ಅಲ್ಲ. ಲಿವರ್ ನೋಡೂ ತಪಾಸಣಿ ಬ್ಯಾರೆ. ಅದನ್ನ ಮಾಡೇವಿ, ನಿಮ್ಮದು ಛಲೋ ಐತಿ. ಇವತ್ತಿನ ಗುಳಿಗಿ ನನ್ನ ಮುಂದನ ನುಂಗ್ರಿ. ಇನ್ನ ಮುಂದ ಒಂದ ದಿನಾನೂ ಬಿಡಬ್ಯಾಡ್ರಿ."

ನುಂಗಿದೆ. ಮಹಾದೇವ ಅಂಜಿದ್ದೂ ತಪ್ಪು, ನಾನು ಹಾಯಾಗಿದ್ದದ್ದೂ ತಪ್ಪು. ಡಬ್ಬಿ ತಿಪ್ಪೆ ಸೇರಿದ್ದರೆ ಇವತ್ತು ಈ ಪತ್ರ ಇರುತ್ತಿರಲಿಲ್ಲ. ಊರಿಗೆ ಬಂದವಳು ಮನೆಗೆ ಹೋಗದೆ ಸೀದಾ ಗುಡಿಗೆ ಹೋಗಿ ಅಡ್ಡಬಿದ್ದೆ.

ಕಾರ್ತಿಕದಲ್ಲಿ ಗುಳಿಗೆ ಮುಗಿದವು. ಆಗ ತೆಗೆದ ರಕ್ತದಲ್ಲಿ ವೈರಸ್ ಸಿಗಲಿಲ್ಲ. ಆದರೂ ಡಾಕ್ಟರ್ ಬಾಯಿ ಗುಣ ಆಯಿತು ಎನ್ನಲಿಲ್ಲ. ಗುಳಿಗೆ ನಿಲ್ಲಿಸಿದ ಮೇಲೆ ಕೆಲವರಲ್ಲಿ ತಿರುಗಿ ತಲೆ ಎತ್ತುತ್ತದಂತೆ. "ಮೂರ ತಿಂಗಳ ಬಿಟ್ಟ ನೋಡೂಣು. ಆವಾಗೂ ಸಿಗಲಿಲ್ಲಂದ್ರ ಗುಣ ಆತಂತ ಬರದ ಕೊಡತೇನಿ" ಎಂದರು.

ಆ ಮೂರು ತಿಂಗಳು ಬಹಳ ಉದ್ದ. ನಡುವೆ ಸುವರ್ಣಾಳ ಕುಬಸ ಬಂತು. ಏಳನೇ ತಿಂಗಳಿಗೆ ಬಸುರಿಗೆ ಹಸಿರು ಸೀರೆ ಉಡಿಸಿ, ಬಳೆ ತೊಡಿಸಿ, ತವರಿಗೆ ಕರೆತರುವುದು ನಮ್ಮ ಪದ್ಧತಿ. ಮುಧೋಳಕ್ಕೆ ಹೋದೆ. ಬೀಗತಿ ಹೋಳಿಗೆ ಬಡಿಸಿದಳು, ಉಪಚಾರಕ್ಕೆ ಕಡಿಮೆ ಮಾಡಲಿಲ್ಲ, ಹುಡುಗಿಯನ್ನು ಮಾತ್ರ ಕಳಿಸಲಿಲ್ಲ. "ಡಾಕ್ಟರು ಬರದ ಕೊಡ್ಲಿ, ಅವತ್ತ ಬಂದ ಕರಕೊಂಡ ಹೋಗ್ರಿ" ಎಂದಳು. ಸುವರ್ಣಾ ಬಾಗಿಲವರೆಗೆ ಬಂದು, "ಆಯಿ, ಕೂಸಿನ ಕೌದಿ ಹೊಲದ ಇಡು" ಎಂದಷ್ಟೇ ಹೇಳಿದಳು. ಖಾಲಿ ಕೈಯಲ್ಲಿ ತಿರುಗಿ ಬರುವಾಗ ನನಗೆ ರೋಗ ತಿಳಿದ ದಿನಕ್ಕಿಂತ ಹೆಚ್ಚು ಕಷ್ಟವಾಯಿತು. ಮನೆಗೆ ಬಂದು ಹಳೆಯ ಸೀರೆ ಹರಿದು ಕೂಸಿಗೆ ಹೊದಿಸುವ ಕೌದಿ ಹೊಲಿಯಲು ಕೂತೆ. ಪ್ರತಿ ಹೊಲಿಗೆಗೂ ತಾಯಿಯ ಹೆಸರು ಹೇಳಿದೆ.

ಶಿವರಾತ್ರಿಯ ಹೊತ್ತಿಗೆ ರಕ್ತ ಕೊಟ್ಟೆ. ಕಾಗದ ಬರುವ ದಿನ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ನಿಂತು ನಿಂತು ಹೋಯಿತು. ಡಾಕ್ಟರ್ ಬಾಯಿ ನನ್ನನ್ನು ನೋಡಿದೊಡನೆ ಕುರ್ಚಿಯಿಂದ ಎದ್ದರು. ದೊಡ್ಡವರು ನನ್ನಂಥವಳಿಗೆ ಏಳುತ್ತಾರೆಯೇ? ಅವರು ಎದ್ದರು.

"ಸಿಕ್ಕಿಲ್ಲ ಆಯಿ. ಗುಣ ಆತು."

"ಪಕ್ಕಾ?"

"ಪಕ್ಕಾ. ಆದ್ರ ಒಂದ ಮಾತ ನೆನಪಿಡ್ರಿ. ಮೊಟ್ಟ ಮೊದಲ ಮಾಡಿದ ಸಾದಾ ತಪಾಸಣಿ ಮತ್ತ ಯಾರರ ಮಾಡಿದ್ರ ಪಾಸಿಟಿವ್ ಅಂತನ ಬರತೈತಿ. ಅದು ರೋಗ ಬಂದ ಹೋದ ಗುರುತು ಅಷ್ಟ. ರೋಗ ಐತಿ ಇಲ್ಲ ಅನ್ನೂದು ಈ ವೈರಲ್ ಲೋಡ್ ಹೇಳತೈತಿ. ಯಾರೋ ಏನೋ ಅಂದ್ರಂತ ಅಂಜಿ ಕುಂಡ್ರಬ್ಯಾಡ್ರಿ, ನನ್ನ ಕಡೆ ಬರ್ರಿ."

ಗುಣ ಆಯಿತೆಂದು ಬರೆಸಿಕೊಂಡೆ. ಬನಹಟ್ಟಿಯ ಬಸ್ಸು ಎದುರಿಗೇ ನಿಂತಿತ್ತು. ನಾನು ಮುಧೋಳದ ಬಸ್ಸು ಹತ್ತಿದೆ.

ಬೀಗತಿ ರೊಟ್ಟಿ ಬಡಿಯುತ್ತಿದ್ದಳು. ಹಿಟ್ಟಿನ ಕೈ ತೊಳೆದು, ತನ್ನ ಮಗನಿಂದ ಕಾಗದವನ್ನು ಎರಡು ಸಲ ಓದಿಸಿಕೊಂಡಳು.

"ಆತ್ರಿ. ಆದ್ರ ಇವತ್ತ ಮಂಗಳವಾರ, ಹೆಣ್ಣಮಕ್ಕಳನ್ನ ಕಳಸಬಾರದು. ನಾಳಿ ಬರ್ರಿ."

"ನಾಳಿ ಬರಾಕ ನಾ ಹೋದ್ರಲ್ಲೇನ್ರಿ? ಇಲ್ಲೇ ಮಲಗತೇನಿ. ರೊಟ್ಟಿ ಎರಡ ಹೆಚ್ಚ ಬಡೀರಿ."

ಸುವರ್ಣಾ ಒಳಗಿನಿಂದ ಬಾಯಿಗೆ ಸೆರಗು ಹಿಡಿದು ನಕ್ಕಳು. ಬೀಗತಿಯೂ ನಕ್ಕಳು. ಬುಧವಾರ ಮುಂಜಾನೆ ಉಡಿ ತುಂಬಿ ಕಳಿಸಿದಳು. ಬಸ್ಸಿನವರೆಗೆ ಚೀಲವನ್ನು ಅವಳೇ ಹೊತ್ತಳು.

ಯುಗಾದಿಗೆ ಮೊದಲು ಹೆರಿಗೆಯಾಯಿತು. ಹೆಣ್ಣು ಕೂಸು, ತಾಯಿ ಮಗಳು ಇಬ್ಬರೂ ಸುಖ. ಹೊಸ ಹಾಸಿನ ಮೊದಲ ಸೀರೆಯನ್ನು ಬನಶಂಕರಿಗೆ ಉಡಿಸಿ ಬಂದಿದ್ದೇನೆ.

ಈ ರೋಗ ಬಂದವರು ಯಾರಾದರೂ ಇದನ್ನು ಓದಿದರೆ ಕೇಳಿರಿ. ಕಾಗದ ತಂದರೆ ತಿಳಿದವರ ಮುಂದೆ ಇಟ್ಟು ಅರ್ಥ ಕೇಳಿ, ನಿಮ್ಮ ಉದ್ಯೋಗದ ಲೆಕ್ಕ ಹಚ್ಚಬೇಡಿ. ತಾಯಿಗೆ ಕೈ ಮುಗಿಯಿರಿ, ಗುಳಿಗೆಯನ್ನೂ ನುಂಗಿರಿ. ತಾಯಿ ನನಗೆ ಗುಳಿಗೆಯಿಂದಲೇ ಗುಣ ಕೊಟ್ಟಳು, ಡಾಕ್ಟರ್ ಬಾಯಿಯ ಬಾಯಿಂದಲೇ ಮಾತಾಡಿದಳು. ಮೊದಲು ನಾನು ಅವಳ ಬಳಿ ಬೇಡುತ್ತಿದ್ದೆ, ಈಗ ಅವಳನ್ನು ನಂಬುತ್ತೇನೆ.

ದಿನಾ ಮುಂಜಾನೆ ಕೂಸನ್ನು ಕಾಲ ಮೇಲೆ ಹಾಕಿಕೊಂಡು ಎಣ್ಣೆ ಹಚ್ಚಿ ಎರೆಯುತ್ತೇನೆ. ಓಣಿಗೆಲ್ಲ ಕೇಳುವಂತೆ ಚೀರುತ್ತದೆ. ಚೀರಲಿ.